ಮೂರು ಮೆಟ್ಟಿಲಿನ ನ್ಯಾಯ

ಮಾರ್ಚ್ 4, ಸೋಮವಾರ

ಕಳೆದ ಸೆಪ್ಟೆಂಬರಿನಲ್ಲಿ ಮಂಜುಗಡ್ಡೆ ಕಾರ್ಖಾನೆಯ ಮಾಲೀಕ ಗ್ಯಾಸ್ ಮಾಸ್ಕ್ ಇಟ್ಟ ಬೀರುವಿಗೆ ಬೀಗ ಜಡಿದು, ಕೀಲಿಯನ್ನು ಜೇಬಿಗೆ ಹಾಕಿಕೊಂಡು ಊಟಕ್ಕೆ ಹೋದ. ಅಮೋನಿಯಾ ಪೈಪು ಬಿರಿಯಿತು. ಅಲ್ಲೇ ಕೆಲಸಕ್ಕಿದ್ದ ಅಣ್ಣ ಬರಿ ಮುಖದಲ್ಲಿ ಒಳಗೆ ನುಗ್ಗಿ ವಾಲ್ವ್ ಮುಚ್ಚಿದ. ಅವನ ಎರಡೂ ಕಣ್ಣು ಹೋದವು. ಇಷ್ಟೇ ವಿಷಯ. ಇದಕ್ಕೆ ಎಲ್ಲರೂ ಸೇರಿ ‘ದೇವರ ಚಿತ್ತ’ ಎಂದು ಹೆಸರಿಟ್ಟಿದ್ದಾರೆ.

ಬೆಳಿಗ್ಗೆ ಡ್ರಾಪ್ಸ್ ಹಾಕಿದೆ. ಕಾಣದ ಕಣ್ಣಿಗೆ ಯಾಕೆ ಎಂದರೆ, ಉರಿಗಂತೆ. ತಲೆ ಹಿಂದಕ್ಕೆ ಚಾಚಿ ಕುಳಿತವನು ಹೇಳಿದ:

“ನಿನ್ನ ದೇವರಿಗೆ ಎಲ್ಲಾ ಕಡೆ ಕಣ್ಣಂತಲ್ಲ. ಒಂದೆರಡು ಸಾಲ ಕೇಳಿ ನೋಡೇ.”

“ನಿನ್ನ ದೇವರೂ ಹೌದಲ್ವಾ?”

“ಹೌದು. ಅದಕ್ಕೇ ಸಲುಗೆ.”

ಅಡುಗೆಮನೆಯಲ್ಲಿ ಅಮ್ಮ ನಕ್ಕಳು. ನನಗೆ ನಗು ಬರಲಿಲ್ಲ.

ಮಾರ್ಚ್ 5

ಪ್ರೆಸ್ಸಿನಲ್ಲಿ ದಿನವಿಡೀ ನಮ್ಮ ಚರ್ಚಿನ ಸಭೆಯ ಕರಪತ್ರ ಮಡಿಸಿದೆ. ಮಡಿಸುವುದು ಸಂಬಳಕ್ಕೆ, ಓದುವುದು ನನಗೆ. ನಾನು ಕಲಿತದ್ದೆಲ್ಲ ಹೀಗೇ, ಮಡಿಕೆಗಳ ನಡುವೆ.

ಇವತ್ತಿನದು ಚಿನ್ನ. ಸಹೋದರನು ತಪ್ಪು ಮಾಡಿದರೆ ಮೂರು ಮೆಟ್ಟಿಲು. ಮೊದಲು ನೀನೇ ಹೋಗಿ ಅವನಿಗೆ ಹೇಳು. ಕೇಳದಿದ್ದರೆ ಇಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ತಿಳಿಸು. ಸಭೆಯ ಮಾತನ್ನೂ ಕೇಳದವನು ಹೊರಗಿನವನು.

ಹೊರಗಿನವನು! ಮಾಲೀಕ ನಮ್ಮ ಸಭೆಯ ಹಿರಿಯ. ಮೊದಲ ಬೆಂಚು ಅವನದು, ಯೇಸುವಿನ ನೆನಪಿಗೆ ಹಂಚುವ ರೊಟ್ಟಿಯ ತಟ್ಟೆ ಅವನ ಕೈಯಲ್ಲಿ. ಆ ಬೆಂಚು ಖಾಲಿಯಾಗುವುದನ್ನು ನೋಡಬೇಕು. ಅಣ್ಣನ ಪಾಲಿಗೂ ಸೇರಿಸಿ ನಾನೇ ನೋಡುತ್ತೇನೆ.

ಮುಯ್ಯಿ ತೀರಿಸುವುದು ತನ್ನ ಕೆಲಸ ಎಂದು ಕರ್ತನು ಹೇಳಿದ್ದಾನೆ. ಒಪ್ಪಿದೆ. ಆದರೆ ಆರು ತಿಂಗಳಾಯಿತು, ಕರ್ತನೇ. ನಿನಗೆ ಬಿಡುವಿಲ್ಲದಿದ್ದರೆ ನನಗಿದೆ.

ಮಾರ್ಚ್ 8, ಶುಕ್ರವಾರ

ಮೊದಲ ಮೆಟ್ಟಿಲು ಮುಗಿಯಿತು!

ಮಧ್ಯಾಹ್ನ ಕಾರ್ಖಾನೆಗೆ ಹೋದೆ. ಲಾರಿಗೆ ಲೋಡ್ ಆಗುತ್ತಿತ್ತು, ಗಡ್ಡೆಗಳು ಹಲಗೆಯ ಮೇಲೆ ಜಾರುತ್ತಿದ್ದವು. ಮಾಲೀಕ ನಡುವೆ ನಿಂತಿದ್ದ. ಅಲ್ಲಿಯೇ ಹೇಳಿದೆ — ಬೀಗ, ಕೀಲಿ, ಊಟ, ಎಲ್ಲ. ಲೋಡಿಂಗ್ ನಿಂತಿತು.

“ಬೀಗ ಹಾಕದಿದ್ರೆ ಕಳುವಾಗುತ್ತಮ್ಮ. ಎರಡು ಸಲ ಆಗಿದೆ,” ಎಂದ. ಆಮೇಲೆ ಧ್ವನಿ ಇಳಿಸಿ, “ದೇವರು ತಾನು ಪ್ರೀತಿಸೋರನ್ನೇ ಕಷ್ಟ ಕೊಟ್ಟು ಶೋಧಿಸ್ತಾನೆ, ಮಗಳೇ.”

“ಹಾಗಾದ್ರೆ ನಿಮ್ಮನ್ನ ಅವನು ಕಣ್ಣೆತ್ತಿಯೂ ನೋಡಿಲ್ಲ ಬಿಡಿ.”

ಲೋಡರುಗಳು ಹೋ ಎಂದು ನಕ್ಕರು. ಅವನ ಕಿವಿ ಕೆಂಪಾಯಿತು. ಗೇಟಿನವರೆಗೂ ನನಗೆ ರೆಕ್ಕೆ ಬಂದಂತಿತ್ತು.

ಮಾರ್ಚ್ 10, ಭಾನುವಾರ

ಕರ್ತನ ಭೋಜನ. ಮಾಲೀಕ ತಟ್ಟೆ ಹಿಡಿದು ಸಾಲಿನಿಂದ ಸಾಲಿಗೆ ಬಂದ. ನಾನು ಕೈ ಕಟ್ಟಿ ಕುಳಿತೆ. ಅಣ್ಣ ಕೈ ಚಾಚಿದ, ತಟ್ಟೆ ಸಿಗಲಿಲ್ಲ, ಗಾಳಿಯಲ್ಲಿ ತಡಕಾಡಿದ. ಆಗ ಅವನು ಅಣ್ಣನ ಮಣಿಕಟ್ಟು ಹಿಡಿದು ಬೆರಳುಗಳನ್ನು ರೊಟ್ಟಿಯ ಮೇಲೆ ಇಟ್ಟ. ಕೀಲಿ ಹಿಡಿದ ಅದೇ ಕೈ.

ಅಣ್ಣ ತಿಂದ. ಹೇಗೆ ತಿಂದ?

ಕರ್ತನೇ, ಮೋಶೆಯ ಮಾತು ಕೇಳದ ಹಾಗೆ ಫರೋಹರಾಜನ ಹೃದಯವನ್ನು ಕಲ್ಲು ಮಾಡಿದೆಯಲ್ಲ, ಇವನದನ್ನೂ ಮಾಡು. ಇವನು ಕೇಳಬಾರದು. ಮೂರನೆಯ ಮೆಟ್ಟಿಲಿನವರೆಗೂ ಕೇಳಬಾರದು.

ಮಾರ್ಚ್ 19, ಮಂಗಳವಾರ

ಇಬ್ಬರು ಸಾಕ್ಷಿ ಹುಡುಕುವುದರಲ್ಲಿ ಇಷ್ಟು ದಿನ ಹೋಯಿತು. ಅಂದು ನಕ್ಕವರೆಲ್ಲ ಇಂದು ನನ್ನನ್ನು ಕಂಡರೆ ಬಗ್ಗಿ ಬೂಟಿನ ಲೇಸು ಕಟ್ಟುತ್ತಾರೆ. ಕೊನೆಗೆ ಒಬ್ಬ ಲೋಡರ್ ಒಪ್ಪಿದ. ಇನ್ನೊಬ್ಬ, ಎಲ್ಲರೂ ‘ಮೀಸೆ’ ಎಂದು ಕರೆಯುವವನು. ಕಂಪ್ರೆಸರ್ ನೋಡಿಕೊಳ್ಳುವವನು, ಅಣ್ಣನ ಜಾಗದಲ್ಲಿ ಈಗ ನಿಲ್ಲುವವನು.

ಪಾಸ್ಟರ್ ಕೋಣೆಗೆ ಹೋಗಿ ಎರಡನೆಯ ಮೆಟ್ಟಿಲಿಗೆ ದಿನ ಗೊತ್ತು ಮಾಡಿ ಎಂದೆ. ಕನ್ನಡಕ ತೆಗೆದು ಒರೆಸಿದರು.

“ಮೊದಲನೆಯದು ಆಯ್ತಾ?”

“ಆಯ್ತು. ಇಡೀ ಕಾರ್ಖಾನೆಯೇ ಸಾಕ್ಷಿ.”

“ಅಲ್ಲೇ ಕೆಟ್ಟಿತು ನೋಡು. ಅದಕ್ಕೆ ಸಾಕ್ಷಿ ಇರಬಾರದು. ನೀನೊಬ್ಬಳೇ, ಅವರೊಬ್ಬರೇ. ನೀನು ಅವರಿಗೆ ಹೇಳೋಕೆ ಹೋದದ್ದಲ್ಲಮ್ಮ, ನಾಲ್ಕು ಜನಕ್ಕೆ ಕೇಳಿಸೋಕೆ ಹೋದದ್ದು.”

“ಹಿರಿಯರನ್ನ ಉಳಿಸ್ತಿದ್ದೀರಿ.”

“ಇರಬಹುದು. ಆದ್ರೂ ಹಾಳೆಯಲ್ಲಿ ಹಾಗೇ ಇದೆ. ಮಡಿಸಿದವಳು ನೀನೇ.”

ಬಾಗಿಲನ್ನು ಬಡಿದು ಬಂದೆ. ಬಂದು ಹಾಳೆ ತೆಗೆದು ನೋಡಿದೆ. ಇದೆ. ‘ನೀವಿಬ್ಬರೇ ಇರುವಾಗ’.

ನಿಯಮ ನಿಯಮವೇ. ಅವನಿಗೆ ಒಂದು, ನನಗೆ ಒಂದು ಎಂದರೆ ನಾನೂ ಅವನೂ ಒಂದೇ ಆಗುತ್ತೇವೆ. ಹಲ್ಲು ಕಚ್ಚಿ ಬರೆಯುತ್ತಿದ್ದೇನೆ: ಮೊದಲ ಮೆಟ್ಟಿಲು ಮತ್ತೆ, ಈ ಸಲ ಒಬ್ಬಳೇ.

ಮಾರ್ಚ್ 20, ಬೆಳಿಗ್ಗೆ

ಡ್ರಾಪ್ಸ್ ಹಾಕುವಾಗ ಅಣ್ಣನಿಗೆ ಹೇಳಿದೆ. ಹಾಳೆ ಓದು ಎಂದ. ಓದಿದೆ.

“ನೀನು ಒಂದು ಸಾಲು ನುಂಗಿದೆ.”

“ಇಲ್ಲ.”

“ಕಣ್ಣು ಹೋಗಿದೆ, ಕಿವಿ ಇದೆ. ಅವನು ನಿನ್ನ ಮಾತು ಕೇಳಿದ್ರೆ ಸಹೋದರನನ್ನ ಗೆದ್ದುಕೊಂಡೆ ಅಂತ ಇದೆ. ಮೊದಲ ಮೆಟ್ಟಿಲಲ್ಲೇ.”

“ನನಗೆ ಅಂಥ ಸಹೋದರ ಬೇಡ. ಒಬ್ಬ ಇದ್ದಾನೆ, ಸಾಕು.” ಬಾಯಿಗೆ ಬಂದದ್ದನ್ನು ಕೇಳಿಯೇಬಿಟ್ಟೆ: “ನೀನು ಅವನನ್ನ ಕ್ಷಮಿಸಿದೀಯಾ?”

“ಇಲ್ಲ. ದಿನಾ ಎದ್ದು ಕೇಳ್ಕೋತೀನಿ, ಇವತ್ತಾ ಅಂತ. ಇವತ್ತೂ ಅಲ್ಲ.”

“ಮತ್ತೆ ಅವನ ಕೈಯಿಂದ ರೊಟ್ಟಿ?”

“ರೊಟ್ಟಿ ಅವನದಲ್ಲವಲ್ಲ.”

ಔಷಧಿ ಕೆನ್ನೆಗೆ ಇಳಿಯಿತು. ಒರೆಸಲು ಬಿಡಲಿಲ್ಲ.

“ನನಗೋಸ್ಕರ ಹೋಗೋದಾದ್ರೆ ಮೊದಲು ಆ ಬೀರು ತೆಗೆಸು. ಈಗಲೂ ಬೀಗ ಹಾಗೇ ಇದೆಯಂತೆ. ಮೀಸೆ ಅಲ್ಲೇ ನಿಂತಿರ್ತಾನೆ. ಅವನಿಗೆ ಇರೋದೂ ಎರಡೇ ಕಣ್ಣು.”

ಆರು ತಿಂಗಳು ಆ ಕೀಲಿಯನ್ನೇ ನೆನೆದೆ. ಬೀಗ ಇನ್ನೂ ಇದೆಯೇ ಎಂದು ಒಂದು ದಿನವೂ ಕೇಳಲಿಲ್ಲ. ಮೀಸೆಯನ್ನು ಸಾಕ್ಷಿಯಾಗಿ ಎಣಿಸಿದೆ, ಕಣ್ಣಿರುವವನಾಗಿ ಎಣಿಸಲಿಲ್ಲ.

ಮಾರ್ಚ್ 21, ಗುರುವಾರ

ನಾನು ಹೋಗುವ ಮೊದಲೇ ಅವನು ಬಂದ. ಪ್ರೆಸ್ಸಿಗೆ, ನನ್ನ ಮೇಜಿಗೆ. ಗಡ್ಡ ಬೋಳಿಸಿರಲಿಲ್ಲ. ಮೊದಲ ಬೆಂಚಿನಲ್ಲಿ ಕಾಣುವಷ್ಟು ಎತ್ತರವೂ ಇರಲಿಲ್ಲ.

“ಪಾಸ್ಟರ್ ಹೇಳಿದ್ರು. ಎಲ್ಲಿ, ಯಾವಾಗ? ನೀನೇ ಹೇಳಮ್ಮ.”

ಮಡಿಸುತ್ತಲೇ ಹೇಳಿದೆ, ತಲೆ ಎತ್ತಲಿಲ್ಲ: “ಬೀರುವಿನ ಮುಂದೆ. ಕೀಲಿ ತರಬೇಕು.”

“ಜೇಬಲ್ಲೇ ಇದೆ.” ಕೈ ಜೇಬಿಗೆ ಹೋಯಿತು, ಹಾಗೆಯೇ ಬರಿದಾಗಿ ಹೊರಬಂತು. “ಅವತ್ತಿನಿಂದ ಬೀರು ತೆಗೆದಿಲ್ಲ. ತೆಗೆಯೋಕೆ ಹೋದ್ರೆ… ಒಬ್ಬನಿಗೇ ಆಗ್ತಿಲ್ಲ.”

ಕೈಯಲ್ಲಿದ್ದ ಹಾಳೆ ಅಡ್ಡಡ್ಡ ಮಡಿಕೆಯಾಯಿತು. ಬೈದಿದ್ದರೆ ಚೆನ್ನಾಗಿತ್ತು. ದೇವರ ಚಿತ್ತ ಎಂದಿದ್ದರೆ ಇನ್ನೂ ಚೆನ್ನಾಗಿತ್ತು. ಈ ಮನುಷ್ಯ ಕೇಳಿಬಿಡುತ್ತಾನೆ, ಕರ್ತನೇ. ಬೆಂಚು ಖಾಲಿಯಾಗುವುದಿಲ್ಲ. ಅಣ್ಣನ ಕಣ್ಣು ಬರುವುದಿಲ್ಲ. ನನಗೆ ಸಿಗುವ ಸಹೋದರ ಇವನು! ಇದನ್ನು ನ್ಯಾಯ ಎನ್ನುತ್ತೀಯಾ?

ಅವನ ಹೃದಯ ಕಲ್ಲಾಗಲಿ ಎಂದು ಈಗಲೂ ಪ್ರಾರ್ಥಿಸಿದೆ. ನಿನ್ನ ಮೇಲೆ ನನಗೆ ಉಳಿದಿರುವ ನಂಬಿಕೆ ಒಂದೇ. ಈ ಪ್ರಾರ್ಥನೆಯನ್ನು ನೀನು ಕೇಳುವುದಿಲ್ಲ ಎಂಬುದು. ಅದಕ್ಕೇ ಹೆದರಿಕೆ.

ಮೀಸೆಗೆ ಆ ಹೊತ್ತು ಹೊರಗೆ ನಿಲ್ಲಲು ಹೇಳಿದ್ದೇನೆ. ಮಾಸ್ಕ್ ಅವನ ಕೈಗೆ ಹೋಗಬೇಕು, ಏನೇ ಆಗಲಿ. ಅದಾದ ಮೇಲೆ ಹೇಳಬೇಕಾದದ್ದನ್ನೆಲ್ಲ ಹೇಳುತ್ತೇನೆ, ಒಂದು ಮಾತೂ ಬಿಡದೆ. ಅವನು ಅತ್ತರೆ…

ನಾಡಿದ್ದು ಶನಿವಾರ, ಸಂಜೆ ನಾಲ್ಕು ಗಂಟೆ. ಕಂಪ್ರೆಸರ್ ಕೋಣೆ. ನಾವಿಬ್ಬರೇ—