ಭೋಂಗಾದಲ್ಲಿ ಬಾರದ ದನಿ

ಬೈಲಹೊಂಗಲ,
೨೦ ನವೆಂಬರ್ ೨೦೨೫, ಗುರುವಾರ

ಪ್ರೀತಿಯ ಮುಸ್ಕಾನ್ ಬೇಟಿಗೆ,

ನಿನ್ನ ದಾದಾ ಮಾಡುವ ದುವಾ. ಹೇಗಿದ್ದೀ? ಧಾರವಾಡದ ಥಂಡಿಗೆ ನಿನ್ನ ಗಂಟಲು ಕಟ್ಟುತ್ತದೆ. ಸಾಲಿಯಲ್ಲಿ ಹುಡುಗರ ಮುಂದೆ ಕೂಗಿ ಕೂಗಿ ಗಣಿತ ಹೇಳುತ್ತೀ, ಸಂಜೆಗೆ ಬಿಸಿನೀರು ಕುಡಿ, ಹೊತ್ತಿಗೆ ಸರಿಯಾಗಿ ಊಟ ಮಾಡು. ಇಲ್ಲಿ ನಾವೆಲ್ಲ ಆರಾಮ. ನಿಮ್ಮಮ್ಮ, ನನ್ನ ಸೊಸೆರಾಣಿ ಮೆಹೆರಾಜಳ ಮೊಣಕಾಲು ನೋವು ಕಡಿಮೆಯಾಗಿದೆ. ಹಾಗಾಗಿ ಮನೆಯಲ್ಲಿ ಅವಳ ಓಡಾಟವೂ ನನ್ನ ಮೇಲಿನ ಹುಕುಮೂ ಹೆಚ್ಚಾಗಿವೆ. ನಿನ್ನ ತಮ್ಮ ಜಹೀರ ಟೆಂಪೋಕ್ಕೆ ಹೊಸ ಟೈರು ಹಾಕಿಸಿದ್ದಾನೆ, ದಿನಾ ನೇಸರಗಿ ಕಡೆಯಿಂದ ಕಾಯಿಪಲ್ಲೆ ಹೇರಿಕೊಂಡು ಬರುತ್ತಾನೆ. ನನ್ನ ಮೈ ಗಟ್ಟಿಯಾಗಿದೆ. ಕಿವಿಯನ್ನು ಬಿಟ್ಟರೆ ಉಳಿದ ಸಾಮಾನೆಲ್ಲ ಕಂಪನಿಯದೇ, ಇನ್ನೂ ಬದಲಾಯಿಸಿಲ್ಲ.

ಫೋನ್ ಇರುವಾಗ ಪತ್ರ ಯಾಕೆ ಎನ್ನಬೇಡ. ಸಣ್ಣ ದನಿಯೆಲ್ಲ ನನ್ನ ಕಿವಿಯಿಂದ ಹೋಗಿದೆ, ನಿನಗೆ ಗೊತ್ತಲ್ಲ. ಹಕ್ಕಿ ಹೋಯಿತು, ಕುಕ್ಕರಿನ ಸೀಟಿ ಹೋಯಿತು, ದೇವರ ದಯೆಯಿಂದ ಮೆಹೆರಾಜಳ ಬೈಗುಳವೂ ಹೋಯಿತು. ಲಾರಿ, ಗುಡುಗು, ಬಾಗಿಲು ಬಡಿಯುವುದು ಉಳಿದಿವೆ. ಫೋನಿನಲ್ಲಿ ನೀನು ಮಾತಾಡುತ್ತೀ, ನಾನು ಹೂಂ ಹೂಂ ಎನ್ನುತ್ತೇನೆ, ಆಮೇಲೆ ಏನಂದಳು ಎಂದು ನಿಮ್ಮಮ್ಮನನ್ನು ಕೇಳುತ್ತೇನೆ. ಮನೆಯಲ್ಲಿ ಆಡುವ ಉರ್ದು ಮಾತನ್ನು ಬರೆಯಲು ನಮ್ಮಿಬ್ಬರಿಗೂ ಬಾರದು, ಇಬ್ಬರೂ ಕನ್ನಡ ಸಾಲಿಯವರು. ಅದಕ್ಕೆ ಕನ್ನಡದಲ್ಲೇ ಬೈಯುತ್ತೇನೆ, ಕೂತು ಓದು.

ಮೊನ್ನೆ ನೀನು ಫೋನಿನಲ್ಲಿ ಹೇಳಿದ್ದನ್ನು ಮೆಹೆರಾಜ ನನ್ನ ಕಿವಿಗೆ ಬಾಯಿಟ್ಟು ಓಣಿಗೆಲ್ಲ ಕೇಳುವಂತೆ ಹೇಳಿದಳು. ಕಿತ್ತೂರಿನ ಕಾರ್ಯಕ್ರಮ ಮುಗಿದ ಮರುದಿನ ನಿಮ್ಮ ಹಾಡಿನ ತಂಡದ ಸಚಿನ, "ನಿನ್ನ ಗಿಟಾರ್ ಯಾರಿಗೂ ಕೇಳಂಗಿಲ್ಲ. ನೀ ಇದ್ರೂ ಅಷ್ಟ, ಬಿಟ್ರೂ ಅಷ್ಟ. ಆ ದನಿ ನಾನ ಕೀಬೋರ್ಡ್‌ನಾಗ ಒತ್ತತೇನಿ" ಎಂದನಂತೆ. ನೀನು ಹೂಂ ಎಂದೆಯಂತೆ. ಬರುವ ರವಿವಾರ ಆ ದಪ್ಪ ದನಿಯ ಬೇಸ್ ಗಿಟಾರನ್ನು ಯಾರಿಗೋ ಕೊಟ್ಟು ಕೈತೊಳೆದುಕೊಳ್ಳುತ್ತೀಯಂತೆ. ನನಗೆ ಸಿಟ್ಟು ಬಂತು ಬೇಟಿ. ಸಚಿನನ ಮೇಲೆ ಅಲ್ಲ, ಅವನಿಗೆ ಪಾಪ ಎರಡೂ ಕಿವಿ ಚೆನ್ನಾಗಿವೆ, ಅದೇ ಅವನ ತೊಂದರೆ. ಹೂಂ ಎಂದ ನಿನ್ನ ಮೇಲೆ ಬಂತು.

ಮೈಕ್ ಸೆಟ್ ಮೆಹಬೂಬಸಾಬ ಎಂದರೆ ಒಂದು ಕಾಲಕ್ಕೆ ಸವದತ್ತಿ, ರಾಮದುರ್ಗದ ತನಕ ಗೊತ್ತಿತ್ತು. ಯಾರದೇ ಮದುವೆಯಿರಲಿ, ನನ್ನ ರೆಕಾರ್ಡಿನ ಪೆಟ್ಟಿಗೆ ಹೋಗಬೇಕು. ಹಂದರ ಏಳುವ ಮೊದಲೇ ನಾನು ಬೇವಿನ ಗಿಡ ಹತ್ತಿ ತುತ್ತೂರಿ ಬಾಯಿಯ ಭೋಂಗಾ ಸ್ಪೀಕರು ಕಟ್ಟಿ ಇಳಿಯುತ್ತಿದ್ದೆ. ಇಲ್ಲಿ ಮದುವೆ ಇದೆ ಎಂದು ಸುತ್ತಲಿನ ಊರಿಗೆಲ್ಲ ಸಾರುವುದಷ್ಟೇ ಭೋಂಗಾದ ಕೆಲಸ. ಸಣ್ಣ ದನಿಯನ್ನು ದೂರ ಒಗೆಯುತ್ತದೆ, ದಪ್ಪ ದನಿಯನ್ನು ಬಾಯೊಳಗೇ ನುಂಗುತ್ತದೆ. ನುಂಗುತ್ತದೆ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ರೆಕಾರ್ಡಿನಲ್ಲಿ ಇರುವುದೇ ಅಷ್ಟು ಎಂದುಕೊಂಡಿದ್ದೆ.

ಹೋದ ರಂಜಾನ್ ಹಬ್ಬಕ್ಕೆ ನೀನು ಆ ಹೊಸ ಪ್ಲೇಯರನ್ನೂ ಎರಡು ಕಟ್ಟಿಗೆಯ ಸ್ಪೀಕರ್ ಡಬ್ಬಿಗಳನ್ನೂ ತಂದೆ. ನನ್ನ ಹಳೆಯ ಪೆಟ್ಟಿಗೆಯಿಂದ ಹಸಿರು ಲೇಬಲ್ಲಿನ ರೆಕಾರ್ಡು ತೆಗೆದು, ಧೂಳು ಒರೆಸಿ, ಪಿನ್ನು ಇಟ್ಟೆ. ಹಾಡುವವಳ ದನಿ ನನಗೆ ಬರಲೇ ಇಲ್ಲ. "ಏನೂ ಕೇಳವಲ್ದು, ಬಂದ್ ಮಾಡು" ಎಂದೆ. ನೀನು ನನ್ನ ಅಂಗೈ ಹಿಡಿದು ಡಬ್ಬಿಯ ಮೇಲಿಟ್ಟೆ. ಅಂಗೈಯ ಕೆಳಗೆ ಯಾರೋ ನಡೆದು ಬರುತ್ತಿದ್ದರು. ಅವಸರವಿಲ್ಲ, ನಿಲ್ಲುವುದೂ ಇಲ್ಲ, ಇಡೀ ಹಾಡನ್ನು ಹೆಗಲ ಮೇಲೆ ಹೊತ್ತಿದ್ದರು. ಎಷ್ಟೋ ಮದುವೆಗಳಲ್ಲಿ ಸವೆಯುವಷ್ಟು ಹಾಕಿದ ರೆಕಾರ್ಡು ಅದು. ಅದರೊಳಗೆ ಅಂಥ ಒಬ್ಬ ಮನುಷ್ಯ ಕೂತು ದಪ್ಪ ದನಿ ಬಾರಿಸುತ್ತಿದ್ದಾನೆಂದು ಆ ದಿನ ಗೊತ್ತಾಯಿತು. ನಾನು ಅತ್ತೆ. ಕಣ್ಣಿಗೆ ಧೂಳು ಬಿತ್ತು ಎಂದದ್ದು ಸುಳ್ಳು. ಈಗ ದಿನಾ ಮಧ್ಯಾಹ್ನ ಊಟವಾದ ಮೇಲೆ ಒಂದು ರೆಕಾರ್ಡು ಹಾಕಿ ಡಬ್ಬಿಗೆ ಬೆನ್ನು ಕೊಟ್ಟು ಕೂರುತ್ತೇನೆ. ಅಡುಗೆಮನೆಯ ತಾಟುಗಳೆಲ್ಲ ನಡುಗುತ್ತವೆ ಎಂದು ಮೆಹೆರಾಜಳ ತಕರಾರು.

ಇನ್ನು ಕಿತ್ತೂರಿನ ಮಾತು. ಆ ದಿನ ಜಹೀರ ನನ್ನನ್ನೂ ಪಕ್ಕದ ಮನೆಯ ಕೆಂಚವ್ವನನ್ನೂ ಟೆಂಪೋದಲ್ಲಿ ಕರೆದೊಯ್ದಿದ್ದ. ಕೆಂಚವ್ವ ನಿನ್ನನ್ನು ಎತ್ತಿ ಆಡಿಸಿದವಳು. ಹಾಡು ಹೇಗಾದರೂ ಇರಲಿ, ನಿನ್ನನ್ನು ನೋಡಬೇಕಿತ್ತು ಅವಳಿಗೆ. ಹಾಡುವ ಹುಡುಗ ಬಾಯಿ ತೆರೆದು ಮುಚ್ಚುತ್ತಿದ್ದ, ಸಚಿನನ ಬೆರಳು ಕುಣಿಯುತ್ತಿದ್ದವು, ನನಗೆ ಅಷ್ಟೇ. ನೀನು ಮೂಲೆಯಲ್ಲಿ, ದೀಪದ ಬೆಳಕಿನಿಂದ ಸರಿದು ನಿಂತಿದ್ದೆ. (ಯಾಕೆ ಸರಿದು ನಿಲ್ಲುತ್ತೀ? ಹಬ್ಬದ ಅಂಗಿ ಹಾಕಿಕೊಂಡು ಮೂಲೆಯಲ್ಲಿ ನಿಲ್ಲುತ್ತಾರೆಯೇ?) ನೀನು ಮೀಟಿದ ಒಂದೊಂದು ದನಿಯೂ ನೆಲದಿಂದ ಖುರ್ಚಿಗೆ, ಖುರ್ಚಿಯಿಂದ ನನ್ನ ಎದೆಗೆ ಏರಿತು. ಎಲ್ಲರೂ ಅವರನ್ನು ಕೇಳಿದರು, ನಾನು ಮೊದಲಿನಿಂದ ಕೊನೆಯವರೆಗೆ ನಿನ್ನೊಬ್ಬಳನ್ನೇ ಕೇಳಿದೆ. ನನಗೆ ಬಹಳ ಹೆಮ್ಮೆಯಾಯಿತು.

ನಡುವೆ ಒಂದು ಹಾಡಿನಲ್ಲಿ ನಿನ್ನ ಗಿಟಾರಿನ ವೈರು ಕಳಚಿತಲ್ಲ, ನನಗೆ ಕಾರ್ಯಕ್ರಮವೇ ಬಂದ್. ನೀನು ಬಗ್ಗಿ ಹುಡುಕುತ್ತಿದ್ದೆ, ಅವರು ಹಾಡುತ್ತಲೇ ಇದ್ದರು. ನಾನು ಜನರನ್ನು ನೋಡಿದೆ. ಏನಾದರೂ ಕೆಟ್ಟರೆ ಮೊದಲು ಜನರ ಮುಖ ನೋಡುವುದು ಮೈಕ್ ಸೆಟ್‌ನವನ ರೂಢಿ. ಮುಂದಿನ ಸಾಲಿನ ಹುಡುಗರು ಕಾಲಿನಲ್ಲಿ ತಾಳ ಹಾಕುತ್ತಿದ್ದವರು ನಿಲ್ಲಿಸಿದರು. ಒಬ್ಬ ಫೋನ್ ತೆಗೆದ. ಕೆಂಚವ್ವ ಆಚೀಚೆ ನೋಡಿ ಜಹೀರನಿಗೆ ಏನೋ ಅಂದಳು. ನೀನು ವೈರು ಸಿಕ್ಕಿಸಿದ್ದೇ ತಡ, ಕಾಲುಗಳು ಮತ್ತೆ ಆಡತೊಡಗಿದವು, ಫೋನ್ ಜೇಬಿಗೆ ಹೋಯಿತು. ಮರಳುವಾಗ ಕೆಂಚವ್ವ ಆಗ ಏನಂದಳು ಎಂದು ಕೇಳಿದೆ. ಜಹೀರ ಟೆಂಪೋ ನಿಲ್ಲಿಸಿ ನನ್ನ ಕಿವಿಯಲ್ಲಿ ಕೂಗಿ ಹೇಳಿದ: "ಯಾಕೋ ತಮ್ಮಾ, ಹಾಡಿಗೆ ಒಮ್ಮಿಗೇ ನೀರು ಹಾಕಿದಂಗ ಆತಲ್ಲೋ?"

ಬೇಸ್ ಗಿಟಾರ್ ಎಂದರೆ ಏನೆಂದು ಕೆಂಚವ್ವನಿಗೆ ಗೊತ್ತಿಲ್ಲ. ನೀನು ಬಾರಿಸುವುದು ಅವಳಿಗೆ ಕೇಳಿಸಲಿಲ್ಲ, ಒಪ್ಪಿದೆ. ನೀನು ಬಿಟ್ಟದ್ದು ಕೇಳಿಸಿತು. ಸಚಿನನಿಗೆ ನನ್ನ ನಮಸ್ಕಾರ ಹೇಳಿ ಈ ಮಾತು ತಿಳಿಸು. ನಂಬದಿದ್ದರೆ ಮುಂದಿನ ಕಾರ್ಯಕ್ರಮದಲ್ಲಿ ಅರ್ಧ ಹಾಡಿಗೆ ನೀನೇ ವೈರು ಕಿತ್ತು, "ಜನರ ಕಾಲು ನೋಡು" ಎಂದು ಅವನಿಗೆ ಹೇಳು. ಅವನು ಬೇಡ ಎಂದರೆ ಬೇರೆ ತಂಡ ಸಿಗುತ್ತದೆ. ಗಿಟಾರ್ ಮಾತ್ರ ಯಾರ ಕೈಗೂ ಹೋಗಕೂಡದು.

ನಿಮ್ಮಮ್ಮನ ಪ್ರೀತಿ, ಕೆಂಚವ್ವನ ಆಶೀರ್ವಾದ. ಅಲ್ಲಾಹನು ನಿನ್ನ ಬೆರಳುಗಳಿಗೆ ಬರಕತ್ತು ಕೊಡಲಿ.

ನಿನ್ನ ದಾದಾ,
ಮೆಹಬೂಬಸಾಬ

ತಾ.ಕ.: ಟಪಾಲಿಗೆ ಹಾಕಿದರೆ ರವಿವಾರ ದಾಟೀತೆಂದು ಧಾರವಾಡಕ್ಕೆ ಹೊರಟ ಜಹೀರನ ಕೈಯಲ್ಲೇ ಕಳಿಸುತ್ತಿದ್ದೇನೆ. ಅವನು ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆಂದು ಮೆಹೆರಾಜ ಭುಜ ಅಲುಗಾಡಿಸಿ ಹೇಳಿದಳು. ನನ್ನ ಕಿವಿಗೆಂದು ಅವಳು ಬೆಳಗಾವಿಯಿಂದ ಮಷಿನ್ ತಂದು ತಿಂಗಳುಗಳಾದವು. ಬೇಕಾದದ್ದು ಕೇಳುತ್ತದೆ ಎಂದು ಹಟ ಹಿಡಿದು ನಾನು ಅದರ ಡಬ್ಬಿಯನ್ನೇ ತೆರೆದಿಲ್ಲ. ಈಗ ಒಂದು ಕರಾರು: ನೀನು ಗಿಟಾರ್ ಬಿಡಬೇಡ, ನಾನು ಮಷಿನ್ ಹಾಕಿಕೊಳ್ಳುತ್ತೇನೆ. ರವಿವಾರ ಗಿಟಾರ್ ಹೆಗಲಿಗೇರಿಸಿಕೊಂಡು ಇಲ್ಲಿಗೇ ಬಾ. ಹಸಿರು ಲೇಬಲ್ಲಿನ ರೆಕಾರ್ಡಿನ ಜೊತೆ ಬಾರಿಸು. ಆಮೇಲೆ ನಾನು ಮಷಿನ್ ಕಿವಿಗಿಟ್ಟಾಗ ಬೇರೆ ಯಾರೂ ಬಾಯಿ ತೆರೆಯುವಂತಿಲ್ಲ, ನೀನೇ ಮೊದಲು "ದಾದಾ" ಎಂದು ಕರೆಯಬೇಕು. ನಿನ್ನ ಕೈ ನನಗೆ ಚೆನ್ನಾಗಿ ಕೇಳುತ್ತದೆ ಬೇಟಿ. ನಿನ್ನ ದನಿ ಕೇಳಿ ಎರಡು ವರ್ಷವಾಯಿತು.