ಕೂಸನ್ನು ಗಿರಣಿಗೆ ಒಯ್ಯಬೇಡ

ಗುಡಗೇರಿ
ಶನಿವಾರ, 26 ಏಪ್ರಿಲ್ 2025

ಅವ್ವನಿಗೆ ಮಹಾನಂದಾಳ ಶರಣು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ನಾನು ಕ್ಷೇಮವಾಗಿಲ್ಲ. ನಿನ್ನೆ ಅಣ್ಣ ಫೋನ್ ಮಾಡಿ, “ದಾನು ಗಿರಣಿ ಸಪ್ಪಳಕ್ಕ ಕಿವಿ ಮುಚ್ಚಿ ಚೀರತಾಳ. ಸೋಮವಾರ ಅವ್ವ ಕರಕೊಂಡ ಹೊಂಟಾಳ, ಅಂಜಿಕಿ ಬಿಡಸಾಕ” ಅಂದ. ರಜೆಗೆಂದು ಮಗಳನ್ನು ನಿನ್ನಲ್ಲಿಗೆ ಕಳಿಸಿದವಳೂ ನಾನೇ, ಹೆದರಿ ಕೂತವಳೂ ನಾನೇ. ಅವಳನ್ನು ಗಿರಣಿಗೆ ಒಯ್ಯಬೇಡ. ಇಷ್ಟು ಹೇಳಲಿಕ್ಕೇ ಈ ಪತ್ರ.

ಫೋನಿನಲ್ಲಿ ಹೇಳಲು ನೋಡಿದೆನಲ್ಲ. “ನಿನಗೂ ಹಂಗ ಬಿಡಿಸಿದ್ದೆ. ಏನಾತು? ಶಾಣ್ಯಾಕಿ ಆಗಿ ನೌಕರಿ ಹಿಡದಿ” ಅಂದೆ ನೀನು. ಹೂಂ ಅಂದು ಇಟ್ಟುಬಿಟ್ಟೆ. ನಲವತ್ತೊಂದು ವರ್ಷದ ಹೆಂಗಸು, ಟಪಾಲು ಕಚೇರಿಯಲ್ಲಿ ಕೂತು ಇಡೀ ಊರಿಗೆ ಉತ್ತರ ಕೊಡುವವಳು, ನಿನ್ನ ದನಿ ಕೇಳಿದರೆ ಮಾತ್ರ ಹೂಂ ಅನ್ನುತ್ತೇನೆ. ಎದುರಿಗೆ ಬಂದರೂ ಅಷ್ಟೇ. ಟಪಾಲಿಗೆ ಹಾಕಿದರೆ ಮೂರು ದಿನ ಹಿಡಿಯುತ್ತದೆ, ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಪಕ್ಕದ ಮನೆಯ ಹಲೀಮಾಬಿ ಇವತ್ತು ಮಧ್ಯಾಹ್ನ ನಿಮ್ಮೂರು ದೇವಿಕೊಪ್ಪಕ್ಕೇ ಮಗಳ ಮನೆಗೆ ಹೊರಟಿದ್ದಾಳೆ, ಅವಳ ಕೈಯಲ್ಲಿ ಕೊಡುತ್ತೇನೆ. ಕನ್ನಡಕ ಹಾಕಿಕೊಂಡು ಒಬ್ಬಳೇ ಓದು.

ಆರು ತಿಂಗಳಿಂದ ಗುರುವಾರ ರಜೆ ಹಾಕಿ ಧಾರವಾಡಕ್ಕೆ ಹೋಗುವುದು ಬೆನ್ನುನೋವಿಗೆ ಎಂದಿದ್ದೆ. ಬೆನ್ನು ಗಟ್ಟಿಯಾಗಿದೆ. ನಾನು ಹೋಗುವುದು ಸವಿತಾ ಮೇಡಂ ಎಂಬ ಆಪ್ತಸಮಾಲೋಚಕಿಯ ಹತ್ತಿರ. ಅದಕ್ಕೂ ಮೊದಲು ಡಾಕ್ಟರು ಪರೀಕ್ಷೆ ಮಾಡಿ ನನಗೆ ಆಟಿಸಂ ಇದೆ ಎಂದರು. ಹುಚ್ಚಲ್ಲ ಅವ್ವಾ, ದೆವ್ವದ ಕಾಟವೂ ಅಲ್ಲ. ಹುಟ್ಟಿನಿಂದಲೇ ನನ್ನ ತಲೆ ಓಡುವ ರೀತಿ ಬೇರೆ. ಸಪ್ಪಳ ನಿನ್ನ ಕಿವಿಗೆ ಕೇಳಿದರೆ ನನ್ನ ಮೈಗೆ ಹೊಡೆಯುತ್ತದೆ. ಮಂದಿಯ ಮುಖ ನೋಡಿದರೆ ಆಡಬೇಕಾದ ಮಾತು ಮರೆಯುತ್ತದೆ. ನೀವೆಲ್ಲ ಮೊಂಡಿ, ಹಟಮಾರಿ ಅನ್ನುತ್ತಿದ್ದಿರಲ್ಲ, ಅದಕ್ಕೆ ಈಗ ಸರಿಯಾದ ಹೆಸರು ಸಿಕ್ಕಿದೆ.

ಮೇಡಂ ಮೊದಲ ದಿನ ಕೇಳಿದ್ದು, “ಬಾಗಲಾ ಮುಚ್ಚಲೇನ್ರಿ, ತೆರದಿರ್ಲೇನ್ರಿ?” ಎಂದು. ಹಾಗೆ ನನ್ನನ್ನು ಯಾರೂ ಕೇಳಿದ್ದಿಲ್ಲ. ಗುಂಯ್‌ಗುಡುವ ಟ್ಯೂಬ್‌ಲೈಟ್ ಆರಿಸಿದರು. ಕಿಟಕಿ ಕಡೆ ತಿರುಗಿ ಮಾತಾಡಿದರೂ ನಡೆಯುತ್ತದೆ ಅಂದರು. ನನ್ನನ್ನು ಸರಿಮಾಡಿರಿ ಅಂದೆ. “ಕೆಟ್ಟಿದ್ದನ್ನ ಸರಿ ಮಾಡತಾರ್ರಿ. ನೀವು ಕೆಟ್ಟಿಲ್ಲ” ಅಂದರು. ಗಿರಣಿಯ ಮಾತು ನನ್ನ ಬಾಯಿಂದ ಬರಲು ನಾಲ್ಕು ತಿಂಗಳು ಹಿಡಿಯಿತು. ಅವರು ಅವಸರ ಮಾಡಲಿಲ್ಲ. ಸಾಕೆನಿಸಿದರೆ ಕೈ ಎತ್ತಿ ಅಂದಿದ್ದರು, ನಾನು ಬಹಳ ಸಲ ಎತ್ತಿದೆ.

ಆಗ ನನಗೆ ಆರು ವರ್ಷ. ಜೋಳದ ಬುಟ್ಟಿ ಹೊತ್ತು ನೀನು ಗಿರಣಿಯ ಬಾಗಿಲಿಗೆ ಬಂದರೆ ಸಾಕು, ನಾನು ಕಿವಿ ಮುಚ್ಚಿ ಚೀರುತ್ತಿದ್ದೆ. ಅಂಜುವ ಕೂಸನ್ನು ಅಂಜಿಕೆಯ ಮುಂದೆಯೇ ನಿಲ್ಲಿಸಬೇಕು ಎಂದು ಹಿರಿಯರು ಹೇಳಿದರು. ಬೆಲ್ಟ್ ತಿರುಗುವ ಕಡೆಗೇ ನಿಲ್ಲಿಸಿ, ಕಿವಿ ಮುಚ್ಚದಂತೆ ನನ್ನ ಎರಡೂ ಕೈ ಹಿಡಿದುಕೊಂಡೆ ನೀನು. ಐದು ಮಂದಿಯ ಹಿಟ್ಟು ಬೀಸಿ ಮುಗಿಯುವವರೆಗೆ. ಮೂರನೆಯವರ ಹಿಟ್ಟಿಗೆ ನಾನು ಅಳು ನಿಲ್ಲಿಸಿದೆ. “ನೋಡ್ರಿ, ಅಂಜಿಕಿ ಹೋತು” ಎಂದು ಎಲ್ಲರಿಗೂ ಹೇಳಿ ನನಗೆ ಬೆಲ್ಲ ಕೊಡಿಸಿದೆ.

ಅಂಜಿಕೆ ಹೋಗಲಿಲ್ಲ ಅವ್ವಾ, ಅಳು ಹೋಯಿತು. ಅಪ್ಪ ತೀರಿಕೊಂಡಾಗ ನಾನು ಅಳಲಿಲ್ಲ, ಕಲ್ಲೆದೆ ಅಂದರು ಮಂದಿ. ದಾನು ಹುಟ್ಟುವಾಗಲೂ ಸಪ್ಪಳ ಮಾಡಲಿಲ್ಲ, ನರ್ಸ್ ಹೊಗಳಿದಳು. ಮತ್ತೆ ಅತ್ತದ್ದು ಡಾಕ್ಟರು ಹೇಳಿದ ದಿನ, ಧಾರವಾಡದ ಬಸ್ಸಿನಲ್ಲಿ. ಕಂಡಕ್ಟರ್ ಗಾಬರಿಯಾಗಿ ಚಿಲ್ಲರೆ ಬೇಗ ಬೇಗ ಕೊಟ್ಟುಬಿಟ್ಟ.

ನಿನ್ನನ್ನು ಕೆಟ್ಟವಳು ಅನ್ನುತ್ತಿಲ್ಲ. ಪಲ್ಯ ರೊಟ್ಟಿಗೆ ತಾಕಿದರೆ ಉಣ್ಣದ ನನಗೆ ಬೇರೆ ಬಟ್ಟಲು ಇಟ್ಟವಳೂ ನೀನೇ. ಯಾರೂ ಹೇಳಿಕೊಡದೆ ನಿನಗದು ತಿಳಿದಿತ್ತು. ದಾನುಗೂ ಹಾಗೇ ನಡೆದುಕೋ. ಗಿರಣಿಗೆ ಅಣ್ಣ ಹೋಗಲಿ. ಅವಳು ಕಿವಿ ಮುಚ್ಚಿದರೆ ಮುಚ್ಚಿಕೊಳ್ಳಲಿ, ಕೈ ಹಿಡಿಯಬೇಡ. ಅವಳೂ ನನ್ನ ಹಾಗೆಯೇ ಇರಬೇಕು ಅನಿಸುತ್ತದೆ. ಇಲ್ಲಿಯವರೆಗೆ ಆ ಕೂಸಿಗೆ ಯಾರೂ ಇಂಥದ್ದನ್ನು ಮಾಡಿಲ್ಲ, ಇನ್ನು ಮುಂದೆಯೂ ಆಗುವುದು ಬೇಡ. ಸೋಮವಾರ ಮೊದಲ ಬಸ್ಸಿಗೆ ಬರುತ್ತೇನೆ. ನಿನ್ನೆದುರು ನಾನು ಹೂಂ ಅಂದರೆ ಅದನ್ನು ನಂಬಬೇಡ, ಈ ಪತ್ರವನ್ನು ನಂಬು.

ನಿನ್ನ ಮಗಳು,
ಮಹಾನಂದಾ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಹರಿದು ಬೇರೆ ಬರೆಯಲು ಹೊತ್ತಿಲ್ಲ, ಹಲೀಮಾಬಿ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. ಎರಡು ವರ್ಷದ ಹಿಂದೆ, ಇದೊಂದೂ ಗೊತ್ತಿಲ್ಲದಾಗ, ಇಲ್ಲಿಯ ಗಿರಣಿಯಲ್ಲಿ ನಾನೇ ದಾನುವಿನ ಕೈ ಹಿಡಿದು ನಿಲ್ಲಿಸಿದ್ದೆ. ಅವಳು ಎರಡನೆಯವರ ಹಿಟ್ಟಿಗೇ ಸುಮ್ಮನಾದಳು. ಮೇಡಂಗೂ ಇದನ್ನು ಹೇಳಿಲ್ಲ. ಅಂದಿನಿಂದ ಅವಳು ನನ್ನೆದುರು ಒಮ್ಮೆಯೂ ಅತ್ತಿಲ್ಲ. ನಿನ್ನ ಹತ್ತಿರ ಅಳುತ್ತಾಳಂತೆ. ಅಳಲಿ ಬಿಡು ಅವ್ವಾ.