ರಾಗಿ ಮೂಟೆಯ ಉಸಿರು ಕೇಳಿದ ಪಟ್ಟಿ

ಕ್ರಿ.ಶ. ೨೪೧೭, ಹನ್ನೆರಡನೆಯ ತಿಂಗಳ ಎರಡನೆಯ ದಿನ
ಕೆಳಗಿನ ಊರು, ಕೋಲಾರದ ಹಳೆಯ ಗಣಿ

ನನಗಿಂತ ನೂರಾರು ವರ್ಷ ಹಿಂದೆ ಕೂತು ಲಿಫ್ಟಿನ ಪ್ರೋಗ್ರಾಂ ಬರೆಯುತ್ತಿರುವ ಹಿರಿಯರಿಗೆ ಚೌಡಮ್ಮನ ನಮಸ್ಕಾರ.

ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಮನ್ನಿಸಿ. ಓದಿದ್ದು ನಾಲ್ಕನೇ ಕ್ಲಾಸು, ಅದೂ ಪೂರ್ತಿ ಇಲ್ಲ. ಶಾಲೆಯ ಸುರಂಗಕ್ಕೆ ಗಾಳಿ ನಿಲ್ಲಿಸಿದರು. ಈ ಕಾಗದ ಅಷ್ಟು ಕಾಲ ಹಿಂದಕ್ಕೆ ಹೋಗಿ ನಿಮಗೆ ಮುಟ್ಟುತ್ತದೋ ಇಲ್ಲವೋ, ಅದೂ ಒಂದು ಚಿಂತೆ.

ಬಿಸಿಲು ತಡೆಯಲಾರದೆ ನಾವು ಗಣಿಯೊಳಗೆ ಇದ್ದೇವೆ. ಹೊಲ ಮೇಲಿದೆ, ಲಿಫ್ಟಿನಲ್ಲಿ ಒಂದು ಗಂಟೆಯ ದಾರಿ. ಒಬ್ಬೊಬ್ಬರಿಗೂ ಒಂದೊಂದು ಉಸಿರುಗೂಡು, ಅಂದರೆ ಗಾಳಿಯಾಡದಂತೆ ಮುಚ್ಚಿದ ಸೀಟು. ಪ್ರೋಗ್ರಾಂ ಪಟ್ಟಿಯಲ್ಲಿರುವವರನ್ನು ಸರದಿಯಂತೆ ತೆಗೆದು, ಉಸಿರೆಷ್ಟು ಎಂದು ಕೇಳಿ, ಅವರ ಗೂಡಿಗೆ ಗಾಳಿ ಬಿಡುತ್ತದೆ. ಪ್ರತಿ ಸವಾರಿಗೂ ಹೆಸರು ಸೇರಿಸುವ ಸಾಲುಗಳನ್ನು ಬರೆದು, ಯಂತ್ರದ ಭಾಷೆಗೆ ಕಂಪೈಲ್ ಮಾಡಿ, ಬಾಗಿಲು ಹಾಕುವುದು ನನ್ನ ಕೆಲಸ. ಅಡುಗೆಮನೆಯ ಡಬ್ಬಿಗೂ ನಾವು ಬಾಯಿಚೀಟಿ ಕಟ್ಟುತ್ತೇವೆ, ಒಳಗೆ ಯಾವ ಕಾಳು ಅಂತ. ನಿಮ್ಮ ಪಟ್ಟಿಗೆ ಅದಿಲ್ಲ. ಬರೀ ಲಿಸ್ಟ್. ಏನು ಹಾಕಿದರೂ ಬೇಡ ಅನ್ನುವುದಿಲ್ಲ. ನೀವು ಬರೆದದ್ದನ್ನು ಮುಟ್ಟಲು ಇಲ್ಲಿ ಎಲ್ಲರಿಗೂ ಭಯ.

ಸಾಮಾನಿಗೆ ಬೇರೆ ಸವಾರಿ ಇದೆ. ಆದರೆ ನನ್ನ ತಂಗಿ ಮುನಿರತ್ನ ಬಿತ್ತನೆ ರಾಗಿಯ ಮೂಟೆ ಹೊತ್ತು ಬಂದಳು. "ಪಕ್ಕದ ಗೂಡಲ್ಲಿ ಕೂರಿಸ್ಬಿಡಕ್ಕಾ. ಅದೇನು ನಿನ್ ಗಾಳಿ ಕುಡೀತದಾ?" ಅಂದಳು. ಪಟ್ಟಿಯಲ್ಲಿಲ್ಲದ ತೂಕಕ್ಕೆ ಲಿಫ್ಟ್ ಕದಲುವುದಿಲ್ಲ. ಆಗಲೇ ಇದ್ದ ನಾಲ್ವರ ಕೆಳಗೆ, ಮರೆತುಬಿಟ್ಟೇನೆಂದು ಮೂಟೆಯನ್ನು ಮೊದಲು ಬರೆದೆ, ಐದನೆಯದಾಗಿ. ಆಮೇಲೆ ಅವಳ ಹೆಸರು. ಕಂಪೈಲ್ ಮಾಡಿದಾಗ ಹಳದಿ ಅಕ್ಷರದಲ್ಲಿ ಏನೋ ಎಚ್ಚರಿಕೆ ಬಂತು. ದಿನಾ ಬರುತ್ತದೆ.

ನಾಲ್ಕು ಜನಕ್ಕೆ ಗಾಳಿ ಸಿಕ್ಕಿತು. ಐದನೆಯದನ್ನು ಮನುಷ್ಯ ಎಂದುಕೊಂಡು ಉಸಿರು ಕೇಳಿತು. ಮೂಟೆಗೆ ಎಲ್ಲಿಯ ಉಸಿರು? ಪ್ರೋಗ್ರಾಂ ಅಲ್ಲೇ ನಿಂತಿತು, ಮುಂದಿನ ರತ್ನಳ ಗೂಡಿಗೆ ಗಾಳಿ ಬಿಡಲೇ ಇಲ್ಲ. ಲಿಫ್ಟ್ ಏರುತ್ತಲೇ ಇತ್ತು. ಮೇಲೆ ನಾಲ್ಕು ಜನ ಇಳಿದರು, ಮೂಟೆಯನ್ನೂ ಇಳಿಸಿಕೊಂಡರು. ರತ್ನ ಅದೇ ಲಿಫ್ಟಿನಲ್ಲಿ ವಾಪಸು ಬಂದಳು. ಗೂಡಿನ ಬಾಗಿಲು ನಾನೇ ತೆಗೆದೆ. ಅಳು ಬರಲಿಲ್ಲ, ಇನ್ನೂ ಬಂದಿಲ್ಲ.

ಪಟ್ಟಿಗೆ ಕಟ್ಟುವ ಬಾಯಿಚೀಟಿಗೆ ಜೆನೆರಿಕ್ ಅನ್ನುತ್ತಾರೆ ಎಂದು ಆಮೇಲೆ ತಿಳಿಯಿತು. ಲಿಸ್ಟ್ ಎಂಬ ಪದದ ಪಕ್ಕ ಎರಡು ಕೋನದ ಗುರುತು, ನಡುವೆ 'ಮನುಷ್ಯ'. ನಾನೇ ಬರೆದೆ. ಆದರೆ ತಡವಾಯಿತು. ನೀವೇ ನಿಮ್ಮ ಕಾಲದಲ್ಲಿ, ಮೊದಲೇ ಬರೆದುಬಿಡಿ. ಆಗ ಮೂಟೆ ಸೇರಿಸಿದೊಡನೆ ಕೆಂಪಕ್ಷರ ಬರುತ್ತದೆ, ಕಂಪೈಲ್ ಆಗುವುದಿಲ್ಲ, ಬಾಗಿಲೇ ಮುಚ್ಚುವುದಿಲ್ಲ. ರತ್ನ ನನ್ನನ್ನು ಬೈಯುತ್ತಾ ಮೂಟೆ ಇಳಿಸುತ್ತಾಳೆ.

ಬೈಯಲಿ. ಕೇಳಿಸಿಕೊಳ್ಳುತ್ತೇನೆ.

ಚೌಡಮ್ಮ